ಫ್ಲೆಚರ್‌ನ ಬಾಯಿ ಯಾಕೆ ಕಾಣಿಸೋದಿಲ್ಲ?

‘ವಿಪ್‌ಲ್ಯಾಶ್’ ಸಿನಿಮಾದ ತುಣುಕುಗಳು ಈಗ ರೀಲ್ಸ್‌ನಲ್ಲಿ ಮೋಟಿವೇಶನ್ ಸರಕಾಗಿಬಿಟ್ಟಿವೆ. ಬೋಳುತಲೆಯ ಮೇಷ್ಟ್ರು ಹುಡುಗನ ಕಪಾಳಕ್ಕೆ ಬಾರಿಸ್ತಾ ತಾಳ ಎಣಿಸೋದು, ಕಟ್ ಮಾಡಿದ್ರೆ ಅದೇ ಹುಡುಗ ನ್ಯೂಯಾರ್ಕಿನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ಡ್ರಮ್ಸ್ ಚಿಂದಿ ಉಡಾಯಿಸೋದು. ಕೆಳಗೆ ಕಮೆಂಟು: “ಗುರು ಅಂದ್ರೆ ಹಿಂಗಿರ್ಬೇಕು ಗುರೂ!” ಏಟು ಕಾರಣ, ಕೊನೆಯ ಡ್ರಮ್ ಸೋಲೋ (ಒಬ್ಬನೇ ನುಡಿಸೋ ಭಾಗ) ಅದರ ಫಲ ಅಂತ ಎರಡನ್ನೂ ಹೊಲಿದುಬಿಡ್ತಾರಲ್ಲ, ನನ್ನ ತಕರಾರು ಆ ಹೊಲಿಗೆ ಮೇಲೆ. ಸಿನಿಮಾ ನೋಡದವರು ಇಲ್ಲಿಗೇ ಬಿಟ್ಟುಬಿಡಿ, ಕೊನೆಯನ್ನೇ ಬಿಚ್ಚಿ ಹರಡ್ತಾ ಇದ್ದೀನಿ.

ಡೇಮಿಯನ್ ಶಾಝೆಲ್ 2014ರಲ್ಲಿ ಮಾಡಿದ ಸಿನಿಮಾ. ನ್ಯೂಯಾರ್ಕಿನ ಒಂದು ಕಾಲ್ಪನಿಕ ಸಂಗೀತ ಕಾಲೇಜು, ಹತ್ತೊಂಬತ್ತರ ಡ್ರಮ್ಮರ್ ಆಂಡ್ರೂ, ಜಾಝ್ ಬ್ಯಾಂಡಿನ ಮೇಷ್ಟ್ರು ಫ್ಲೆಚರ್. ಕುರ್ಚಿ ಎಸೀತಾನೆ, ಬಿಟ್ಟುಹೋದ ತಾಯಿ ವಿಷಯ ನಯವಾಗಿ ಕೇಳ್ಕೊಂಡು ಆಮೇಲೆ ಎಲ್ಲರೆದುರು ಅದನ್ನೇ ಎತ್ತಿ ಚುಚ್ತಾನೆ. ಕೊನೆಗೆ ಇಬ್ಬರೂ ಕಾಲೇಜಿನಿಂದ ಹೊರಗೆ. ಫ್ಲೆಚರ್ ಕೆಲಸ ಹೋಗೋದಕ್ಕೆ ಆಂಡ್ರೂ ಗುಟ್ಟಾಗಿ ಕೊಟ್ಟ ಹೇಳಿಕೆಯೂ ಕಾರಣ.

ಈಗ ಕೊನೆಗೆ ಬನ್ನಿ. ಫ್ಲೆಚರ್ ಸ್ನೇಹದ ಮುಖ ಹಾಕ್ಕೊಂಡು ಆಂಡ್ರೂನನ್ನ ತನ್ನ ಹೊಸ ಬ್ಯಾಂಡಿಗೆ ಕರೀತಾನೆ. ವೇದಿಕೆ ಹತ್ತಿದ ಮೇಲೆ ಹತ್ತಿರ ಬಂದು, ದೂರು ಕೊಟ್ಟಿದ್ದು ನೀನೇ ಅಂತ ನನಗೆ ಗೊತ್ತು ಅಂತಾನೆ. ಆಮೇಲೆ ಶುರು ಮಾಡೋದು ಆಂಡ್ರೂಗೆ ಹೇಳೇ ಇಲ್ಲದ ‘ಅಪ್‌ಸ್ವಿಂಗಿಂಗ್’ ಅನ್ನೋ ಕೃತಿ. ಹುಡುಗನ ಮುಂದೆ ಅದರ ನೊಟೇಶನ್ ಹಾಳೆಯೂ ಇಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಇದು ಪರೀಕ್ಷೆ ಅಲ್ಲ. ಎದುರಿಗೆ ಕೂತಿರೋರು ಒಂದು ಸಲ ನೋಡಿದ್ದನ್ನ ಮರೆಯೋರಲ್ಲ, ಎಡವಿದ್ರೆ ಕಥೆ ಮುಗೀತು ಅಂತ ಫ್ಲೆಚರ್ರೇ ಸ್ವಲ್ಪ ಹೊತ್ತಿಗೆ ಮುಂಚೆ ಬ್ಯಾಂಡಿಗೆ ಹೇಳಿರ್ತಾನೆ. ಅಷ್ಟು ಗೊತ್ತಿದ್ದು ಮಾಡಿದ ಕೆಲಸಕ್ಕೆ ಸೇಡು ಅಂತಾರೆ, ಪಾಠ ಅನ್ನಲ್ಲ. ಆ ಗಳಿಗೆಯಲ್ಲಿ ಅವನಿಗೆ ಮಹಾನ್ ಕಲಾವಿದ ಬೇಕಿಲ್ಲ, ಒಬ್ಬ ಹುಡುಗ ಮುಗಿದುಹೋಗಬೇಕು ಅಷ್ಟೇ.

ಹುಡುಗ ಎದ್ದು ಹೋಗಿ ಅಪ್ಪನನ್ನ ತಬ್ಬಿಕೊಳ್ತಾನೆ. ಮನೆಗೆ ಹೋಗೋಣ ಅನ್ನೋ ಅಪ್ಪನನ್ನ ಬಿಟ್ಟು ವಾಪಸ್ ಬರ್ತಾನೆ. ಫ್ಲೆಚರ್ ಇನ್ನೂ ಸಭಿಕರ ಜೊತೆ ಮಾತಾಡ್ತಿರುವಾಗಲೇ ‘ಕ್ಯಾರವಾನ್’ ಅನ್ನೋ ಕೃತಿ ಶುರು. ಬ್ಯಾಂಡಿಗೆ ಸನ್ನೆ ಕೊಡೋನು ಈಗ ಆಂಡ್ರೂ. ‘ಹುಡುಗ ಗೆದ್ದ’ ಅನ್ನೋರು ಇದನ್ನೇ ಹಿಡ್ಕೋತಾರೆ, ತಪ್ಪೇನಿಲ್ಲ. ಆ ಕೆಲವು ನಿಮಿಷ ಅವನು ನಿಜವಾಗ್ಲೂ ಯಾರ ಕೈಗೂ ಸಿಗದೆ ನುಡಿಸ್ತಾನೆ.

ಆದರೆ ಸೋಲೋ ನಡುವೆ ಏನಾಗುತ್ತೆ ನೋಡಿ. ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಜಾರುತ್ತೆ, ಫ್ಲೆಚರ್ ಬಂದು ಸರಿಮಾಡ್ತಾನೆ. ಕೈ ಕೆಳಗಿಳಿಸ್ತಾನೆ, ಹುಡುಗ ನಿಧಾನಿಸ್ತಾನೆ. ಕೈ ಮೇಲೆತ್ತುತ್ತಾ ಹೋದ ಹಾಗೆ ಅವನೂ ವೇಗ ಏರಿಸ್ತಾನೆ. ಕಡೇ ಪೆಟ್ಟಿಗೆ ಮುಂಚೆ ತಲೆ ಎತ್ತಿ ನೋಡೋದು ಸಭಿಕರನ್ನಲ್ಲ, ಅಪ್ಪನನ್ನೂ ಅಲ್ಲ, ಅದೇ ಮುಖವನ್ನ. ಕಿತ್ತುಕೊಂಡ ಅಧಿಕಾರವನ್ನ ಐದಾರು ನಿಮಿಷದಲ್ಲಿ ತಾನಾಗಿ ವಾಪಸ್ ಕೊಟ್ಟುಬಿಡ್ತಾನೆ, ಅದೂ ಖುಷಿಯಿಂದ. ಫ್ಲೆಚರ್ ಏನೋ ಅಂತಾನೆ ಅಥವಾ ನಗ್ತಾನೆ; ಕ್ಯಾಮೆರಾ ಕಣ್ಣನ್ನಷ್ಟೇ ತೋರಿಸಿ ಬಾಯಿಯನ್ನ ಫ್ರೇಮಿನಿಂದ ಹೊರಗಿಡುತ್ತೆ. ‘ಶಹಭಾಸ್’ಗಿಂತ ಕೆಟ್ಟ ಮಾತು ಇನ್ನೊಂದಿಲ್ಲ ಅಂತಿದ್ದ ಮನುಷ್ಯ ಅದನ್ನೇ ಅಂದನೋ ಏನೋ! ನಿರ್ದೇಶಕ ಬೇಕಂತಲೇ ಬಚ್ಚಿಟ್ಟಿದ್ದಾನೆ ಅನ್ನೋದು ನನ್ನ ಗುಮಾನಿ. ಬಾಯಿ ಕಂಡಿದ್ರೆ ಅದು ಒಬ್ಬ ಮೇಷ್ಟ್ರ ಮೆಚ್ಚುಗೆಯಾಗಿ ಮುಗೀತಿತ್ತು. ಕಾಣದೇ ಇರೋದ್ರಿಂದ ನಾವು ಹುಡುಗನ ಜಾಗದಲ್ಲಿ ಕೂತು, ಏನಂದ, ಏನಂದ ಅಂತ ಅವನಷ್ಟೇ ಹಸಿದು ನೋಡ್ತೀವಿ. ಕಡೇ ಪೆಟ್ಟು ಬಿದ್ದದ್ದೇ ಪರದೆ ಕಪ್ಪು. ಕಾರ್ನೆಗಿ ಹಾಲಿನವರಿಗೆ ಚಪ್ಪಾಳೆ ತಟ್ಟೋಕೂ ಸಮಯ ಕೊಡಲ್ಲ, ಆ ಕೆಲಸ ನಾವು ಮಾಡ್ತೀವಿ.

ಫ್ಲೆಚರ್‌ನ ಸಿದ್ಧಾಂತ ಪೂರ್ತಿ ನಿಂತಿರೋದು ಜಾಝ್ ಲೋಕದ ಮಹಾನ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಕಥೆ ಮೇಲೆ. ಚೆನ್ನಾಗಿ ನುಡಿಸಲಿಲ್ಲ ಅಂತ ಡ್ರಮ್ಮರ್ ಜೋ ಜೋನ್ಸ್ ಅವನ ತಲೆಗೇ ಸಿಂಬಲ್ ಬೀಸಿದ, ಕುತ್ತಿಗೆ ಹಾರಿಹೋಗೋದು ಸ್ವಲ್ಪದರಲ್ಲಿ ತಪ್ತು, ಆ ಅವಮಾನದಿಂದಲೇ ಪಾರ್ಕರ್ ‘ಬರ್ಡ್’ (ಜಾಝ್ ಲೋಕ ಅವನನ್ನ ಕರೆಯೋ ಹೆಸರು) ಆದ ಅನ್ನೋದು ಅವನ ವರಸೆ. ಆದರೆ 1930ರ ದಶಕದಲ್ಲಿ ಇದು ನಡೆದಾಗ ಅಮೆರಿಕದ ಕಾನ್ಸಾಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ಇದ್ದವರು ಹೇಳಿದ ಪ್ರಕಾರ ಸಿಂಬಲ್ ಬಿದ್ದದ್ದು ನೆಲಕ್ಕೆ, ಹುಡುಗನ ಕಾಲಬುಡದಲ್ಲಿ. ಜೋನ್ಸ್ ಅವನ ಗುರುವೂ ಅಲ್ಲ. ಪಾರ್ಕರ್‌ನನ್ನ ತಿದ್ದಿದ್ದು ಆಮೇಲಿನ ಬೇಸಿಗೆ: ಓಝಾರ್ಕ್ಸ್ ಬೆಟ್ಟಸೀಮೆಯ ಹೋಟೆಲೊಂದರಲ್ಲಿ ಬ್ಯಾಂಡಿನ ಜೊತೆಗಿದ್ದು, ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ರೆಕಾರ್ಡುಗಳನ್ನ ತಿರುತಿರುಗಿ ಕೇಳಿ, ಜೊತೆಯವರ ಹತ್ತಿರ ಸ್ವರಮೇಳ ಕೇಳಿ ಕಲಿತು ಮಾಡಿದ ಸಾಧನೆ. ಇದನ್ನ ಯಾವ ರೀಲ್ಸಿನವರೂ ತೋರಿಸಲ್ಲ, ಒಬ್ಬ ಕೂತು ಅಭ್ಯಾಸ ಮಾಡೋದರಲ್ಲಿ ನೋಡೋಕೇನಿದೆ? ಇನ್ನು ಆಂಡ್ರೂ ಆರಾಧಿಸೋ ಡ್ರಮ್ಮರ್ ಬಡ್ಡಿ ರಿಚ್, ಯಾರ ಹತ್ತಿರಾನೂ ಪಾಠ ಹೇಳಿಸ್ಕೊಂಡೋನಲ್ಲ ಅಂತ ತಾನೇ ಹೇಳ್ಕೊಂಡೋನು. (ಬಸ್ಸಿನಲ್ಲಿ ತನ್ನ ವಾದಕರಿಗೆ ಅವನು ಬೈದ ಗುಟ್ಟಿನ ಟೇಪುಗಳನ್ನ ಒಮ್ಮೆ ಕೇಳಿ. ಫ್ಲೆಚರ್ ಬಾಯಿ ಎಲ್ಲಿಂದ ಬಂತು ಅಂತ ಅನುಮಾನ ಬರುತ್ತೆ.)

ಜಾಝ್ ಕ್ಲಬ್ಬಿನಲ್ಲಿ ಇಬ್ಬರೂ ಕೂತು ಮಾತಾಡೋ ದೃಶ್ಯವೊಂದಿದೆ, ನನಗೆ ಅದು ಕ್ಲೈಮ್ಯಾಕ್ಸಿಗಿಂತ ಮುಖ್ಯ. ಮುಂದಿನ ಚಾರ್ಲಿ ಪಾರ್ಕರ್‌ನ ಉತ್ಸಾಹವನ್ನೇ ನೀವು ಹೊಸಕಿ ಹಾಕಿದ್ರೆ ಅಂತ ಹುಡುಗ ಕೇಳಿದಾಗ, ಮುಂದಿನ ಪಾರ್ಕರ್ ಯಾವತ್ತೂ ಎದೆಗುಂದಲ್ಲ ಅಂತಾನೆ ಫ್ಲೆಚರ್. ಎಂಥಾ ಅನುಕೂಲದ ತರ್ಕ! ಉಳಿದವನು ನನ್ನ ಕೀರ್ತಿ, ಸತ್ತವನು ಯೋಗ್ಯತೆ ಇಲ್ಲದವನು. ಹಾಗೆ ಸತ್ತವನೊಬ್ಬ ಸಿನಿಮಾದಲ್ಲಿದ್ದಾನೆ, ಟ್ರಂಪೆಟ್ ನುಡಿಸ್ತಿದ್ದ ಹಳೇ ಶಿಷ್ಯ ಶಾನ್ ಕೇಸಿ. ಕಾರ್ ಅಪಘಾತ ಅಂತ ಫ್ಲೆಚರ್ ತರಗತಿಯಲ್ಲಿ ಕಣ್ಣೀರು ಹಾಕ್ತಾನೆ. ನಿಜವಾಗಿ ಕೇಸಿ ನೇಣು ಹಾಕ್ಕೊಂಡಿರ್ತಾನೆ. ಇಷ್ಟೆಲ್ಲ ಆದರೂ, ತನಗೆ ಒಬ್ಬ ಪಾರ್ಕರ್ ಸಿಗಲೇ ಇಲ್ಲ ಅಂತ ಅದೇ ಮೇಜಿನಲ್ಲಿ ಒಪ್ಕೋತಾನೆ.

ನಮ್ಮಲ್ಲೂ ಇಂಥ ವಾದಕ್ಕೆ ಬೇಕಾದಷ್ಟು ಕಥೆಗಳಿವೆ. ಮೈಹರ್‌ನ ಸರೋದ್ ಗುರು ಅಲ್ಲಾವುದ್ದೀನ್ ಖಾನರು ಮಗ ಅಲಿ ಅಕ್ಬರ್‌ನನ್ನ ಮರಕ್ಕೆ ಕಟ್ಟಿಹಾಕಿದ್ದನ್ನ ಜನ ಹೆಮ್ಮೆಯಿಂದ ಹೇಳ್ತಾರೆ. ಅದೇ ಮನೆಯಲ್ಲಿ ಮಗಳು ಅನ್ನಪೂರ್ಣಾ, ಅಣ್ಣನಿಗೆ ಆಗ್ತಿದ್ದ ಪಾಠವನ್ನ ದೂರದಿಂದ ಕೇಳ್ಕೊಂಡೇ ಕಲಿತು, ಅವನು ತಪ್ಪಿದಾಗ ತಿದ್ದೋಕೆ ಹೋಗಿ ಅಪ್ಪನ ಕಿವಿಗೆ ಬಿದ್ದಿದ್ದು. ಅದನ್ನ ಯಾಕೋ ಗುರುಭಕ್ತಿಯ ಭಾಷಣದಲ್ಲಿ ಸೇರಿಸಲ್ಲ. ‘ಛಡಿ ಏಟು ಚಂ ಚಂ’ ಅನ್ನೋ ಪದ್ಯಕ್ಕೆ ಪ್ರಾಸ ಚೆನ್ನಾಗಿದೆ, ಅಷ್ಟೇ.

ಆಂಡ್ರೂ ಮೂವತ್ತರ ಪ್ರಾಯದಲ್ಲಿ ಮಾದಕ ವ್ಯಸನದಿಂದ, ಒಳಗೆಲ್ಲ ಪೊಳ್ಳಾಗಿ ಸಾಯ್ತಾನೆ ಅನ್ನೋ ಅರ್ಥದ ಮಾತನ್ನ ಶಾಝೆಲ್ ಸಂದರ್ಶನದಲ್ಲಿ ಆಡಿದ್ದಾನೆ. ಪಾರ್ಕರ್ ತೀರಿಕೊಂಡಿದ್ದು 1955ರಲ್ಲಿ, ಮೂವತ್ತನಾಲ್ಕಕ್ಕೆ. ನಿರ್ದೇಶಕ ಹೇಳಿದ ಅಂತ ನಾವು ಒಪ್ಪಬೇಕಿಲ್ಲ, ಹುಡುಗ ಬದುಕಿಕೊಳ್ಳಲಿ. ಸೋಲೋ ಅದ್ಭುತವಾಗಿದೆ ಅನ್ನೋದ್ರಲ್ಲೂ ನನಗೆ ಎರಡು ಮಾತಿಲ್ಲ. ಪ್ರತಿ ಸಲ ಮೈ ಜುಂ ಅನ್ನುತ್ತೆ, ಆ ಎಡಿಟಿಂಗಿಗೆ ಆಸ್ಕರ್ ಬಂದಿದ್ದು ಸುಮ್ಮನೆ ಅಲ್ಲ.

ನನ್ನ ತಲೆ ಕೊರೆಯೋದು ಅದರ ಮಾರನೇ ವರ್ಷ. ಫ್ಲೆಚರ್ ಇನ್ನೊಂದು ಬ್ಯಾಂಡ್ ಕಟ್ತಾನೆ, ಇನ್ನೊಬ್ಬ ಹತ್ತೊಂಬತ್ತರ ಹುಡುಗನ ಮುಂದೆ ಕುರ್ಚಿ ಎಳ್ಕೊಂಡು ಕೂರ್ತಾನೆ. ಈ ಸಲ ಪಾರ್ಕರ್ ಬೇಕಾಗಲ್ಲ, ಆಂಡ್ರೂ ಕಥೆಯನ್ನೇ ಹೇಳ್ತಾನೆ. ಅದರಲ್ಲಿ ‘ಅಪ್‌ಸ್ವಿಂಗಿಂಗ್’ ಬಗ್ಗೆ ಒಂದು ಮಾತೂ ಇರಲ್ಲ.