ಅಪ್ಪನ ಪೆನ್ನಿಗೆ ಹೊಸ ನಿಬ್ಬು

ಅಪ್ಪನ ಪೆನ್ನಿನ ನಿಬ್ಬು ಬದಲಾಯಿಸಿದೆ ಅಂದಿದ್ದಕ್ಕೆ ಅಕ್ಕನ ಮಗನಿಗೆ ನನ್ನ ಮೇಲೆ ಸಿಟ್ಟು. "ಚಿನ್ನದ ನಿಬ್ಬು ಮಾಮ! ಅದನ್ನೇ ಉಜ್ಜಿಸಿ ಸ್ಟಬ್, ಅಂದ್ರೆ ಚಪ್ಪಟೆ ಅಗಲ ತುದಿ, ಮಾಡಿಸ್ಕೋಬೇಕಿತ್ತು. ಸ್ಟೀಲ್ ಹಾಕಿ ಪೆನ್ನಿನ ಮರ್ಯಾದೆನೇ ಕಳೆದ್ರಿ" ಅಂದ. ಬೆಂಗಳೂರಲ್ಲಿ ಹಳೇ ಪೆನ್ನು ಕೂಡಿಡೋ ಹುಡುಗ, ನನಗಿಂತ ತಿಳಿದವನು. ಆದರೆ ಈ ವಿಷಯದಲ್ಲಿ ನಾನು ಸೋಲಲ್ಲ.

ಅಪ್ಪ ಕೋಲಾರದಲ್ಲಿ ಪತ್ರ ಬರಹಗಾರರು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಎಲ್ಲಾ ಛಾಪಾ ಕಾಗದದ ಮೇಲೂ ಓಡಿದ್ದು ಇದೊಂದೇ ಪೆನ್ನು. ಕಪ್ಪು ಎಬೊನೈಟಿನದು, ಅಂದರೆ ಗಟ್ಟಿ ರಬ್ಬರಿನದು, ಡ್ರಾಪರ್ ಹಿಡಿದು ಹೊಟ್ಟೆಗೇ ಇಂಕು ಸುರಿಯಬೇಕು. ರಾಜಮಹೇಂದ್ರಿಯಿಂದ ತರಿಸಿದ್ದು, ರತ್ನಂ ಮನೆತನದವರು 1932ರಿಂದ ಪೆನ್ನು ಕಡೆದ ಊರು ಅದು.

ಚಿನ್ನದ ನಿಬ್ಬು ಅಂದರೂ ಕಾಗದ ಮುಟ್ಟೋದು ಚಿನ್ನ ಅಲ್ಲ. ತುದಿಯಲ್ಲಿ ರಾಗಿಕಾಳಿಗಿಂತ ಸಣ್ಣದೊಂದು ಗುಂಡು, ಗಟ್ಟಿ ಲೋಹದ್ದು, ಇರಿಡಿಯಂ ಅಂತೀವಲ್ಲ ಅದು. ಬೆಸೆದಿರುವುದೇ ಅಷ್ಟು, ಸವೆದರೆ ಮತ್ತೆ ಬೆಳೆಯೋದಿಲ್ಲ. ಅಪ್ಪ ಪೆನ್ನನ್ನು ಎಡಕ್ಕೆ ವಾಲಿಸಿ ಹಿಡೀತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಗುಂಡಿನ ಒಂದು ಪಕ್ಕ ಚಪ್ಪಟೆ. ಅವರ ಕೈಗೆ ಬೆಣ್ಣೆ, ನನ್ನ ಕೈಗೆ ಪರಪರ.

ಉಜ್ಜಿದರೆ ಸರಿಹೋಗಬಹುದು, ಒಪ್ಪುತ್ತೇನೆ. ಆದರೆ ಪಿಯುಸಿಯಲ್ಲಿ ನಾನು ಹೊಸ ಪೆನ್ನೊಂದನ್ನು ನುಣುಪು ಮಾಡ್ತೀನಿ ಅಂತ ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜಿದ್ದೆ. ಹತ್ತು ನಿಮಿಷಕ್ಕೆ ಗುಂಡೇ ಮಾಯ. ಅಪ್ಪ ಬೈಯಲಿಲ್ಲ, "ಈಗ ಇದರಲ್ಲಿ ಮುಳ್ಳು ತೆಗಿ" ಅಂದರು ಅಷ್ಟೇ. ಆವತ್ತಿಂದ ನನ್ನದೊಂದು ಲೆಕ್ಕ: ಕಿತ್ತಿದ್ದನ್ನು ವಾಪಸ್ ಕೂರಿಸಬಹುದು, ಉಜ್ಜಿದ್ದನ್ನು ತರೋಕಾಗಲ್ಲ.

ಇನ್ನು ಈ ಸ್ಟಬ್ ಹುಚ್ಚು. ಕೆಳಗೆ ಎಳೆದರೆ ದಪ್ಪ, ಅಡ್ಡ ಎಳೆದರೆ ತೆಳು, ಇಂಗ್ಲಿಷಿಗೆ ಚೆಂದ. ನಮ್ಮ ಅಕ್ಷರ ಪೂರಾ ಸುತ್ತು, ಕೆಳಗೆ ಒತ್ತು ಬೇರೆ. ಅಗಲ ಸ್ಟಬ್ಬಲ್ಲಿ "ಚಕ್ಕುಬಂದಿ" ಅಂತ ಸಣ್ಣಗೆ ಬರೆದು ನೋಡಿ, ಕಾವೊತ್ತು ಇಂಕಿನ ಮುದ್ದೆ. ಥದ ಹೊಟ್ಟೆಯ ಚುಕ್ಕೆ ಹೂತೇ ಹೋಗುತ್ತೆ. ಕನ್ನಡಕ್ಕೆ ಸಣ್ಣ ನಿಬ್ಬೇ ಸೈ.

ಬದಲಾಯಿಸಿದ್ದು ಹೀಗೆ. ರಾತ್ರಿಯಿಡೀ ಪೆನ್ನಿನ ಮೂತಿಯನ್ನು ತಣ್ಣೀರಲ್ಲಿ ನೆನೆಹಾಕಿದೆ. ಬಿಸಿನೀರಿಗೆ ಇಡೀ ಮೂತಿ ಅದ್ದಿದರೆ ಎಬೊನೈಟ್ ಕಂದು ತಿರುಗುತ್ತೆ. ಬೆಳಿಗ್ಗೆ ಒಳಗಿಂದ ಹಳೇ ನೀಲಿಯೆಲ್ಲ ಹೊಗೆ ಥರ ಇಳಿದಿತ್ತು. ಸೈಕಲ್ ಟ್ಯೂಬಿನ ತುಂಡಲ್ಲಿ ನಿಬ್ಬು, ಅದರ ಕೆಳಗೆ ಇಂಕು ಹರಿಸೋ ನಾಲಿಗೆ ಎರಡನ್ನೂ ಒಟ್ಟಿಗೆ ಹಿಡಿದು ತಿರುಚದೆ ನೆಟ್ಟಗೆ ಎಳೆದೆ. ಬಂತು. ಅದೇ ಅಳತೆಯ ಸ್ಟೀಲ್ ನಿಬ್ಬನ್ನು, ಅದರ ಸೀಳು ನಾಲಿಗೆಯ ನಡುಗೆರೆಗೆ ಸರಿಯಾಗಿ ಬರುವಂತೆ ಇಟ್ಟು ತಳ್ಳಿದೆ. ಎರಡು ಸಾಲು ಬರೆದು ಇಂಕು ನಿಂತಿತು. ಬೆಳಕಿಗೆ ಹಿಡಿದರೆ ನಿಬ್ಬಿಗೂ ನಾಲಿಗೆಗೂ ನಡುವೆ ಕೂದಲೆಳೆ ಸಂದು. ನಾಲಿಗೆ ತುದಿಯನ್ನಷ್ಟೇ ಬಿಸಿನೀರಿಗೆ ಅದ್ದಿ, ಮೆತ್ತಗಾದಾಗ ಹೆಬ್ಬೆರಳಲ್ಲಿ ನಿಬ್ಬಿಗೆ ಒತ್ತಿ ಹಿಡಿದೆ. ಎಬೊನೈಟ್ ಮಾತು ಕೇಳುತ್ತೆ, ಪ್ಲಾಸ್ಟಿಕ್ ನಾಲಿಗೆಗೆ ಈ ಗುಣ ಕಡಿಮೆ. ಆಮೇಲೆ ಇಂಕು ಓಡಿತು.

ಹಳೇ ನಿಬ್ಬನ್ನು ಪರಿಚಯದ ಆಚಾರ್ರಿಗೆ ತೋರಿಸಿದೆ. ಒರೆಗೆ ಹಚ್ಚಲಿಲ್ಲ, ಮೇಲಿದ್ದ 14 ಕ್ಯಾರೆಟ್ ಗುರುತು ಓದಿ "ನೂರಕ್ಕೆ ಐವತ್ತೆಂಟು ಚಿಲ್ಲರೆ ಚಿನ್ನ ಸಾಮಿ, ಕರಗಿಸಿದ್ರೆ ಕಿವಿ ಓಲೆ ತಿರುಪೂ ಆಗಲ್ಲ" ಅಂತ ನಕ್ಕರು. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿದರೂ ಚಿನ್ನ ಅಂದ ತಕ್ಷಣ ತೂಗಿ ನೋಡೋ ಚಾಳಿ ನಮ್ಮ ಜಿಲ್ಲೆಯವರಿಗೆ ಬಿಟ್ಟಿಲ್ಲ!

ನಿಬ್ಬೀಗ ಅಮ್ಮನ ಕುಂಕುಮದ ಭರಣಿಯಲ್ಲಿದೆ, ಹತ್ತಿ ಸುತ್ತಿ. ಯುಗಾದಿಗೆ ಅಕ್ಕನ ಮಗ ಬರ್ತಾನೆ. ಅವನೆದುರೇ ಅದನ್ನು ವಾಪಸ್ ಕೂರಿಸಿ ಕೊಡ್ತೀನಿ, ಎಡಕ್ಕೆ ವಾಲಿಸಿ ಹಿಡಿದು ಬರೆದು ನೋಡಲಿ.