ಅಜ್ಜನಿಗೆ ವಾಚ್‌ಮ್ಯಾನ್ ಕೆಲಸ

ಮಂಗಳೂರಿನ ನಮ್ಮ ಫ್ಲ್ಯಾಟಿನ ಗೇಟಿನ ಪಕ್ಕ ಒಂದು ಮೂಲೆ ಇದೆ. ಊರಿನ ಕಸವೆಲ್ಲ ಅಲ್ಲಿಗೇ. ಮೊದಲು 'ಇಲ್ಲಿ ಕಸ ಹಾಕಬಾರದು' ಎಂದು ಬೋರ್ಡ್ ಹಾಕಿದೆವು. ಜಾಗ ಗುರುತಿಸಲು ಸುಲಭವಾಯಿತು, ಕಸ ಜಾಸ್ತಿಯಾಯಿತು. ಆಮೇಲೆ 500 ರೂಪಾಯಿ ದಂಡ ಎಂದು ಬರೆಸಿದೆವು. ಆಮೇಲೆ ಸಿಸಿ ಕ್ಯಾಮೆರಾ. ವಾರದೊಳಗೆ ಕ್ಯಾಮೆರಾವೇ ಕಾಣೆ. ಅದು ಸಿಗಲಿ ಎಂದು ಸೆಕ್ರೆಟರಿ, ಕಳೆದದ್ದನ್ನು ಹುಡುಕಿಕೊಡುವ ತುಳುನಾಡಿನ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡರು. ಆಗ ಯಾರಿಗೋ ಹೊಳೆಯಿತು. ಕ್ಯಾಮೆರಾ ಎಂತಕ್ಕೆ ಮಾರಾಯ್ರೆ, ಅಜ್ಜನನ್ನೇ ಕೂರಿಸಿದರೆ ಆಯಿತಲ್ಲ!

ಈಗ ಮೂಲೆಯಲ್ಲಿ ಅಜ್ಜನ ಫೋಟೊ ಇದೆ. ತಲೆಗೆ ಹಾಳೆಯ ಟೊಪ್ಪಿ ಮುಟ್ಟಾಳೆ, ಕೈಯಲ್ಲಿ ಕೋಲು. 24 ಗಂಟೆ ಡ್ಯೂಟಿ. ಸಂಬಳ ಇಲ್ಲ, ರಜೆ ಇಲ್ಲ, ಪಿಎಫ್ ಕೇಳುವುದಿಲ್ಲ. ಕಸ ನಿಂತಿದೆ. ಅಂದರೆ, ಹತ್ತು ಹೆಜ್ಜೆ ಆಚೆಗೆ ಹೋಗಿದೆ, ಅಜ್ಜನ ಕಣ್ಣು ತಾಗದ ಕಡೆಗೆ.

ಮೂರನೇ ಮಹಡಿಯ ಆಂಟಿಗೆ ಮಾತ್ರ ಕಳೆದದ್ದನ್ನು ಹುಡುಕಿಕೊಡಲು ಸಂತ ಅಂತೋನಿ ಇದ್ದಾರೆ. 1231ರಲ್ಲಿ ಪಾದುವಾದಲ್ಲಿ ತೀರಿಕೊಂಡವರು, ಮರುವರ್ಷವೇ ಸಂತರಾದರು. ಬ್ರೆಜಿಲ್‌ನಲ್ಲಿ ಹುಡುಗಿಯರು ಮದುವೆ ಗಂಡು ಸಿಗುವವರೆಗೆ ಅವರ ಮೂರ್ತಿಯನ್ನು ತಲೆಕೆಳಗೆ ಮಾಡಿ ಇಡುತ್ತಾರಂತೆ. ನಮ್ಮಲ್ಲಿ ಅಷ್ಟು ಧೈರ್ಯ ಇಲ್ಲ. ಚಕ್ಕುಲಿ, ವೀಳ್ಯ, ಸ್ವಲ್ಪ ಕಳ್ಳು, ಅಷ್ಟೇ ವ್ಯವಹಾರ. ಕಾರು ದೊಡ್ಡದಾದರೆ ಕಳ್ಳಿನ ಜಾಗಕ್ಕೆ ಫಾರಿನ್ ಬಾಟಲಿ ಬರುತ್ತದೆ. ಹಿಂದಿನ ಗಾಜಿನ ಮೇಲೆ ಅಜ್ಜನ ಸ್ಟಿಕ್ಕರ್ ಅಂತೂ ಇದ್ದದ್ದೇ.

ಆ ಸ್ಟಿಕ್ಕರಿನ ಅಜ್ಜ ಪಾಡ್ದನದಲ್ಲಿ, ಅಂದರೆ ತುಳುವಿನ ಜನಪದ ಹಾಡಿನಲ್ಲಿ, ತನಿಯ ಎಂಬ ಹುಡುಗ, ಬುಟ್ಟಿ ಹೆಣೆಯುವ ಕೊರಗರವನು. ಸಾಕಿದವಳು ಮೈರಕ್ಕೆ ಬೈದೆದಿ. ದೇವಸ್ಥಾನಕ್ಕೆ ಏಳು ಜನರ ಹೊರೆಯನ್ನು ಒಬ್ಬನೇ ಹೊತ್ತು ತಂದ. ಹೊರೆ ಒಳಗೆ ಹೋಯಿತು, ಹೊತ್ತವನು ಹೊರಗೆ ಉಳಿದ. ಮಾದಲದ ಹಣ್ಣು ಕೊಯ್ಯಲು ಹೋಗಿ ಮಾಯವಾದ. ಮಾಯವಾದ ಮೇಲೆ ನಾವೆಲ್ಲ ಅವನ ಮೊಮ್ಮಕ್ಕಳು! ಅವನ ನಿಜವಾದ ಮೊಮ್ಮಕ್ಕಳಿಗೆ ಇದೇ ಜಿಲ್ಲೆಯಲ್ಲಿ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ನಮ್ಮ ಕಾಯಿಲೆ ದಾಟಿಸುತ್ತಿದ್ದೆವು. ಅದಕ್ಕೆ ಅಜಲು ಎಂದು ಹೆಸರು. ಅದು ತಪ್ಪು ಎಂದು ಹೇಳಲು 2000ನೇ ಇಸವಿಯಲ್ಲಿ ಒಂದು ಕಾಯ್ದೆಯೇ ಬೇಕಾಯಿತು.

ಇಂಥದ್ದರಲ್ಲಿ ನಾವು ಒಬ್ಬರೇ ಅಲ್ಲ ಎನ್ನುವುದು ಸಮಾಧಾನ. ಪೆರುವಿನ ಲಿಮಾದಲ್ಲಿ ಮಾರ್ಟಿನ್ ದೆ ಪೋರೆಸ್ ಎಂಬವರಿದ್ದರು. ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು. ಹಾಗಾಗಿ ಮಠದಲ್ಲಿ ಮೊದಲು ಸಿಕ್ಕಿದ್ದು ಸೇವಕನ ಕೆಲಸ, ಗುಡಿಸುವುದು, ಒರೆಸುವುದು. 1639ರಲ್ಲಿ ಸತ್ತರು, 1962ರಲ್ಲಿ ಸಂತರಾದರು. ಚಿತ್ರಗಳಲ್ಲಿ ಈಗಲೂ ಅವರ ಕೈಯಲ್ಲಿ ಹಿಡಿಸೂಡಿ ಇರುತ್ತದೆ. ಸಂತನಾದರೂ ಕೆಲಸ ತಪ್ಪಲಿಲ್ಲ ಪಾಪ. ನಾವು ಅಜ್ಜನಿಗೆ ಹುಡುಕಿ ಕೊಟ್ಟದ್ದೂ ಕಸದ ಮೂಲೆಯನ್ನೇ, ಅಲ್ವಾ?

ಕಳೆದ ತಿಂಗಳು ಎರಡನೇ ಮಹಡಿಯ ಖಾಲಿ ಮನೆ ನೋಡಲು ಒಬ್ಬ ಹುಡುಗ ಹೆಂಡತಿಯ ಜೊತೆ ಬಂದ. ಒಳ್ಳೆಯ ಕೆಲಸ, ಅಡ್ವಾನ್ಸ್ ಕೈಯಲ್ಲೇ ಇತ್ತು. ಸೆಕ್ರೆಟರಿ ಸುಮ್ನೆ ಊರು ಕೇಳಿದರು. ಸುಮ್ನೆ ತಂದೆಯ ಕೆಲಸ ಕೇಳಿದರು.

"ಬುಟ್ಟಿ ಹೆಣೆಯುತ್ತಿದ್ದರು" ಎಂದ.

"ಛೇ, ಮನೆ ನಿನ್ನೆಯೇ ಹೋಯಿತಲ್ಲ ಮಾರಾಯ್ರೆ!"

ಹುಡುಗ ಏನೂ ಹೇಳಲಿಲ್ಲ. ಹೋಗುವಾಗ ಗೇಟಿನ ಮೂಲೆಯಲ್ಲಿ ನಿಂತು ಫೋಟೊಕ್ಕೆ ಕೈಮುಗಿದ.

ಮರುದಿನ ಇನ್ನೊಬ್ಬರು ಮನೆ ನೋಡಲು ಬಂದರು. ಸೆಕ್ರೆಟರಿಗೆ ಇಷ್ಟವಾಗುವ ಜನ. ಆದರೆ ಆ ಮನೆಯ ಕೀ ಕಾಣುವುದಿಲ್ಲ. ಡ್ರಾಯರ್ ನೋಡಿದರು, ಸ್ಕೂಟರಿನ ಸೀಟಿನಡಿ ನೋಡಿದರು, ಕೊನೆಗೆ ಮೂಲೆಗೆ ಓಡಿ ಬಂದು ಕಣ್ಣು ಮುಚ್ಚಿ ಅಜ್ಜನಿಗೆ ಒಂದು ಪ್ಯಾಕೆಟ್ ಚಕ್ಕುಲಿ ಹೇಳಿಕೊಂಡರು.

ಕೀ ಇನ್ನೂ ಸಿಕ್ಕಿಲ್ಲ. ಚಕ್ಕುಲಿ ನಾಲ್ಕು ಪ್ಯಾಕೆಟಿಗೆ ಏರಿದೆ.