ಅಳಿವೆಯ ಕೆಸರಿಗೆ ಇಂಗಾಲದ ಲೆಕ್ಕದಲ್ಲಿ ಬೆಲೆ ಕಟ್ಟಬೇಕೆ?

ಪರ: ದೂರದವರಿಗೂ ಇದರಲ್ಲಿ ಪಾಲಿದೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ (ನದಿ ಸಮುದ್ರ ಸೇರುವ ಜಾಗದ) 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೂ ಮೊದಲು ಇದೇ ಅಳಿವೆಯ ದಡದ ತದಡಿಗೆ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು, ಆಮೇಲೆ ದೊಡ್ಡ ಬಂದರಿನ ಪ್ರಸ್ತಾವವೂ ಬಂತು. ಇಂತಹ ಯೋಜನೆಗಳನ್ನು ಬೆಂಬಲಿಸುವವರು ಕೋಟಿಗಳ ಅಂದಾಜುಪಟ್ಟಿಯನ್ನು ಮುಂದಿಡುತ್ತಾರೆ. ಅಳಿವೆಯ ಪರವಾಗಿ ನಿಲ್ಲುವವರ ಬಳಿ ಸಾಮಾನ್ಯವಾಗಿ ಇರುವುದು ಮನವಿಪತ್ರ ಮಾತ್ರ. ಬೆಳೆಯದ, ಕಟ್ಟಲಾಗದ ನೆಲವನ್ನು ಖರಾಬು ಎಂದು ಬರೆದುಕೊಂಡು ಬಂದ ಆಡಳಿತಕ್ಕೆ ಕೆಸರು ಬಯಲಿನ ಮೌಲ್ಯವನ್ನು ತಿಳಿಸಬೇಕಾದರೆ ಅದಕ್ಕೆ ಅರ್ಥವಾಗುವ ಅಂಕಿಗಳನ್ನೇ ಕೊಡಬೇಕಾಗುತ್ತದೆ, ಮತ್ತು ಅಂಥ ಅಂಕಿಗಳಲ್ಲಿ ಆ ಕೆಸರು ಹಿಡಿದಿಟ್ಟಿರುವ ಇಂಗಾಲದ್ದು ಅತ್ಯಂತ ಗಟ್ಟಿಯಾದದ್ದು.

ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಇಂಗಾಲದ ಬಹುಪಾಲು ಇರುವುದು ಮರದಲ್ಲಲ್ಲ, ಮರದ ಕೆಳಗಿನ ಮಣ್ಣಿನಲ್ಲಿ. ಉಬ್ಬರದ ನೀರು ದಿನಕ್ಕೆರಡು ಬಾರಿ ಬಂದು ನೆನೆಸುವ ಆ ಕೆಸರಿನೊಳಗೆ ಆಮ್ಲಜನಕ ಇಳಿಯುವುದಿಲ್ಲವಾದ್ದರಿಂದ ಉದುರಿದ ಎಲೆ, ಸತ್ತ ಬೇರು ಪೂರ್ತಿ ಕೊಳೆಯದೆ ಪದರ ಪದರವಾಗಿ ಹೂತುಹೋಗುತ್ತವೆ. ಸಿಹಿನೀರಿನ ಜೌಗಿನಲ್ಲಿ ಹೇರಳವಾಗಿ ಹುಟ್ಟುವ, ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲ ಕೂಡ, ಸಮುದ್ರದ ನೀರಿನಲ್ಲಿರುವ ಸಲ್ಫೇಟಿನಿಂದಾಗಿ, ಇಲ್ಲಿ ಕಡಿಮೆ. ಆದರೆ ಇದೇ ಕೆಸರನ್ನು ಬಗೆದು ಒಣಗಿಸಿದರೆ ಶತಮಾನಗಳಿಂದ ಕೂಡಿಟ್ಟಿದ್ದು ಕೆಲವೇ ವರ್ಷಗಳಲ್ಲಿ ಗಾಳಿಗೆ ಹೋಗತೊಡಗುತ್ತದೆ. ಹಾಗಾಗಿ ವರ್ಷವರ್ಷ ಎಷ್ಟು ಸೇರುತ್ತದೆ ಎಂಬುದಕ್ಕಿಂತ ಈಗಾಗಲೇ ಇರುವುದು ಎಷ್ಟು ಎಂಬುದೇ ದೊಡ್ಡ ಲೆಕ್ಕ.

ಇದು ಬರೀ ಕಾಗದದ ಮಾತಲ್ಲ. ಕೀನ್ಯಾದ ಗಾಜಿ ಕೊಲ್ಲಿಯಲ್ಲಿ ‘ಮಿಕೊಕೊ ಪಮೋಜಾ’ ಎಂಬ ಯೋಜನೆ 2013ರಿಂದ 117 ಹೆಕ್ಟೇರ್ ಕಾಂಡ್ಲಾ ಕಾಡಿನ ಇಂಗಾಲವನ್ನು ಮಾರಿ (ಅಂದರೆ ಕಾಡು ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಹೊರಗಿನವರಿಂದ ಹಣ ಪಡೆದು), ಬಂದ ಹಣದಲ್ಲಿ ಸುತ್ತಲಿನ ಹಳ್ಳಿಗಳ ಕುಡಿಯುವ ನೀರು ಮತ್ತು ಶಾಲೆಗಳ ಕೆಲಸ ಮಾಡಿಸುತ್ತಿದೆ. ಹಣವನ್ನು ಯಾವುದಕ್ಕೆ ಬಳಸಬೇಕೆಂದು ನಿರ್ಧರಿಸುವವರು ಹಳ್ಳಿಯವರೇ.

ಇನ್ನೊಂದು ಕಾರಣ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯ. ಅಳಿವೆಯ ಮೀನು, ಬಳಚು ಎಂಬ ಚಿಪ್ಪುಜೀವಿ, ಕಗ್ಗ ಭತ್ತ, ಬಿರುಗಾಳಿಯ ತಡೆ, ಇವೆಲ್ಲ ದಡದವರಿಗೆ ಸಿಗುವ ಲಾಭ. ಕಲಬುರಗಿಯ ತೆರಿಗೆದಾರನಿಗೆ ಅವುಗಳಿಂದ ನೇರವಾಗಿ ಏನೂ ದಕ್ಕುವುದಿಲ್ಲ. ಇಂಗಾಲ ಹಾಗಲ್ಲ, ಗಾಳಿಗೆ ಸೇರಿ ಭೂಮಿಯನ್ನು ಬಿಸಿಮಾಡದಂತೆ ಅದನ್ನು ಹಿಡಿದಿಟ್ಟದ್ದರ ಪ್ರಯೋಜನ ಕಲಬುರಗಿಗೂ ಅಷ್ಟೇ, ಕುಮಟಾಕ್ಕೂ ಅಷ್ಟೇ. ಅಳಿವೆಯನ್ನು ಕಾಯುವ ಖರ್ಚನ್ನು ದೂರದವರೂ ಹೊರಬೇಕು ಎಂದು ಕೇಳುವ ಹಕ್ಕು ಕರಾವಳಿಗೆ ಬರುವುದು ಈ ಲೆಕ್ಕದಿಂದಲೇ.

ವಿರೋಧ: ಈ ತಕ್ಕಡಿಯಲ್ಲಿ ಬಳಚು ತೂಗುವುದಿಲ್ಲ

ಮೊದಲು ಗಣಿತವನ್ನೇ ನೋಡೋಣ. ಭಾರತದ ಅರಣ್ಯ ಸ್ಥಿತಿ ವರದಿ 2021ರ ಪ್ರಕಾರ ಕರ್ನಾಟಕದ ಇಡೀ ಕರಾವಳಿಯಲ್ಲಿರುವ ಕಾಂಡ್ಲಾ ಕಾಡು 13 ಚದರ ಕಿಲೋಮೀಟರ್, ಅಂದರೆ 1,300 ಹೆಕ್ಟೇರ್. ಜಾಗತಿಕ ಸರಾಸರಿಯಂತೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 6 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದದ್ದು ಮಣ್ಣು ಸೇರುತ್ತದೆ ಎಂದಿಟ್ಟುಕೊಂಡರೆ ಒಟ್ಟು ಎಂಟು ಸಾವಿರ ಟನ್ನಿನಷ್ಟಾಯಿತು. ಟನ್ನಿಗೆ 1,000 ರೂಪಾಯಿ ಹಿಡಿದರೂ ಕಾರವಾರದಿಂದ ಮಂಗಳೂರಿನವರೆಗಿನ ಎಲ್ಲ ಅಳಿವೆಗಳ ವಾರ್ಷಿಕ ‘ಬೆಲೆ’ 80 ಲಕ್ಷ. ಬಂದರಿನ ಅಂದಾಜುಪಟ್ಟಿಯ ಎದುರು ಈ ಅಂಕಿಯನ್ನು ಹಿಡಿದು ನಿಂತವರು ವಾದಕ್ಕೆ ಮೊದಲೇ ಸೋತಿರುತ್ತಾರೆ.

ಈಗಾಗಲೇ ಇರುವ ದಾಸ್ತಾನು ದೊಡ್ಡದು ಎಂಬುದು ನಿಜ. ಆದರೆ ಇಂಗಾಲದ ಮಾರುಕಟ್ಟೆ ಹಣ ಕೊಡುವುದು ಯೋಜನೆಯಿಲ್ಲದಿದ್ದರೆ ನಾಶವಾಗುತ್ತಿದ್ದುದಕ್ಕೆ ಅಥವಾ ಹೊಸದಾಗಿ ಸೇರಿದ್ದಕ್ಕೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಕಾಂಡ್ಲಾ ಕಾಡನ್ನು ಮೊದಲೇ ಅತಿಸೂಕ್ಷ್ಮ ವರ್ಗದಲ್ಲಿಟ್ಟು ರಕ್ಷಿಸಿರುವಾಗ, ಅದನ್ನು ಉಳಿಸಿದ್ದಕ್ಕೆ ಮತ್ತೆ ಹಣ ಕೇಳುವುದು ಸುಲಭವಲ್ಲ. ಉಳಿಯುವ ದಾರಿ ಹೊಸ ನೆಡುತೋಪು. ನೆಡುವುದಾದರೂ ಎಲ್ಲಿ? ಇಳಿತದಲ್ಲಿ ತೆರೆದುಕೊಳ್ಳುವ ಬೋಳು ಬಯಲಿನಲ್ಲಿ. ಇಂಗಾಲ ಅಳೆಯುವವರಿಗೆ ಖಾಲಿಯಾಗಿ ಕಾಣುವ ಆ ಬಯಲಿನಲ್ಲೇ ಹೆಂಗಸರು ಬಾಗಿ, ಕೈಯಿಂದ ಕೆಸರು ತಡವುತ್ತ ಬಳಚು ಹೆಕ್ಕುತ್ತಾರೆ. ಅಲ್ಲಿ ಕಾಂಡ್ಲಾದ ಕೋಡಿನಂಥ ಮೊಳಕೆಗಳನ್ನು ಸಾಲಾಗಿ ಚುಚ್ಚಿ, ಅವು ಬೇರುಬಿಟ್ಟು ಹೂಳು ಹಿಡಿದು ನೆಲ ಏರಿತೆಂದರೆ ಮರ ಬರುತ್ತದೆ, ಇಂಗಾಲವೂ ಬರುತ್ತದೆ. ಬಳಚಿನ ನೆಲೆ ಹೋಗುತ್ತದೆ.

ಬಳಚಿನ ವಿಷಯದಲ್ಲಿ ಈ ಲೆಕ್ಕ ಇನ್ನೂ ವಿಚಿತ್ರ. ಚಿಪ್ಪಿನಲ್ಲಿ ಇಂಗಾಲವಿದೆಯಲ್ಲ, ಅದೂ ಸಂಗ್ರಹವೇ ಎಂದು ಯಾರಾದರೂ ಭಾವಿಸಬಹುದು. ವಾಸ್ತವದಲ್ಲಿ ನೀರಿನ ಬೈಕಾರ್ಬೊನೇಟ್ ಸುಣ್ಣದ ಚಿಪ್ಪಾಗುವಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಅಂದರೆ ನೂರಾರು ಮನೆಗಳ ಒಲೆ ಉರಿಸುವ ಜೀವಿ ಈ ಖಾತೆಯಲ್ಲಿ ಖರ್ಚಿನ ಬದಿಗೆ ಬೀಳುತ್ತದೆ. ಕಗ್ಗ ಬೆಳೆಯುವ ಗಜನಿಯ (ಅಳಿವೆಯಂಚಿನ ತಗ್ಗು ಗದ್ದೆಯ) ಪಾಡೂ ಹೆಚ್ಚು ಬೇರೆಯಲ್ಲ. ಮಳೆಗಾಲದಲ್ಲಿ ಉಪ್ಪು ತಾಳುವ ಭತ್ತ, ಕೊಯ್ಲಾದ ಮೇಲೆ ಉಬ್ಬರದ ನೀರು ಬಿಟ್ಟುಕೊಂಡು ಸಿಗಡಿ, ಮೀನು. ಈ ಸರದಿಯನ್ನು ನಿಲ್ಲಿಸಿ ಕಾಡು ಬೆಳೆಸಿದರೆ ಇಂಗಾಲದ ಅಂಕ ಏರುವುದರಿಂದ ಆ ಖಾತೆ ಅದನ್ನೇ ಉತ್ತಮ ಎನ್ನುತ್ತದೆ.

‘ಸಾರ್ವಜನಿಕರು ಇದಕ್ಕೆ ಎಷ್ಟು ಕೊಡಲು ಸಿದ್ಧ’ ಎಂದು ಕೇಳಿ ಮೌಲ್ಯ ಕಂಡುಹಿಡಿಯುವ ಅರ್ಥಶಾಸ್ತ್ರಜ್ಞರ ಪದ್ಧತಿಯೂ ನನಗೆ ಒಪ್ಪಿಗೆಯಾಗುವುದಿಲ್ಲ. ಉತ್ತರ ಕೊಡುವವರ ಜೇಬಿನ ಅಳತೆ ಉತ್ತರದೊಳಗೇ ಇರುತ್ತದೆ. ಬೆಂಗಳೂರಿನ ಸಂಬಳದಾರ ಹೇಳುವ ಐನೂರು ರೂಪಾಯಿ ಬಳಚು ಹೆಕ್ಕುವವಳ ಐವತ್ತಕ್ಕಿಂತ ಹತ್ತು ಪಟ್ಟು ತೂಗುತ್ತದೆ. ಅಳಿವೆ ಕೈತಪ್ಪಿದರೆ ಯಾರ ಊಟ ತಪ್ಪುತ್ತದೆ ಎಂಬುದು ಎಲ್ಲೂ ದಾಖಲಾಗುವುದಿಲ್ಲ.

ಕೀನ್ಯಾದ ಉದಾಹರಣೆಯನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅಲ್ಲಿ ಹಣದ ನಿರ್ಧಾರ ಹಳ್ಳಿಯವರ ಕೈಯಲ್ಲಿದೆ ಎಂಬ ಮಾತನ್ನು ಪೂರ್ತಿಯಾಗಿ ಓದಬೇಕು. ಇಂಗಾಲದ ಒಪ್ಪಂದಗಳು ಸಾಮಾನ್ಯವಾಗಿ ದಶಕಗಳ ಅವಧಿಯವು. ಯಾವ ಊರಿನವರು ಯಾವ ಬಯಲಿನಲ್ಲಿ ಬಳಚು ಹೆಕ್ಕುತ್ತಾರೆ, ಯಾವ ಗಜನಿಗೆ ಉಬ್ಬರದ ನೀರನ್ನು ಯಾವಾಗ ಬಿಡಬೇಕೆಂದು ಯಾರು ನಿರ್ಧರಿಸುತ್ತಾರೆ, ಬಲೆ ಹಾಕುವ ಜಾಗ ಯಾರದು ಎಂಬುದನ್ನು ಗ್ರಾಮಸಭೆಯ ಮುಂದಿಟ್ಟು ಬರವಣಿಗೆಗೆ ಇಳಿಸುವ ಮೊದಲೇ ಅಂಥ ಒಪ್ಪಂದಕ್ಕೆ ಸಹಿ ಬಿದ್ದರೆ, ಅಳಿವೆಯನ್ನು ಖರಾಬು ಎಂದು ಬರೆದವರ ಜಾಗದಲ್ಲಿ ಅದನ್ನು ಟನ್ನುಗಳಲ್ಲಿ ಬರೆಯುವವರು ಬಂದು ಕೂರುತ್ತಾರೆ, ಅಷ್ಟೇ.